ಫ್ರೀಜರಿಗೆ ಹೋದ ಬಂದೂಕು

ತಾನೇ ಮನೆಯಲ್ಲಿ ಮದ್ದು ತುಂಬಿ, ಫ್ರೀಜರಿನಲ್ಲಿಟ್ಟು ತೆಗೆದ ಹದಿನೈದು ಕಾಡತೂಸುಗಳನ್ನು ಮಾರ್ವಾ ಅಡುಗೆಮನೆಯ ಮೇಜಿನ ಮೇಲೆ ಐದೈದರಂತೆ ಮೂರು ಸಾಲಾಗಿ ಮಲಗಿಸಿದಳು. ಒಂದು ಸಾಲಿನವುಗಳ ಬುಡಕ್ಕೆ ಕೆಂಪು ಉಗುರುಬಣ್ಣ ತಾಗಿಸಿದ್ದಳು, ಇನ್ನೊಂದಕ್ಕೆ ಗುಲಾಬಿ, ಮೂರನೆಯದಕ್ಕೆ ಏನೂ ಇಲ್ಲ. ಎಲ್ಲದರಲ್ಲೂ ಹಿತ್ತಾಳೆ ಅದೇ, ಮದ್ದು ಅದೇ, ಗುಂಡೂ ಅದೇ. ಬೇರೆಯಾಗಿದ್ದದ್ದು ಪ್ರೈಮರ್ ಮಾತ್ರ. ಅಂಗಿಯ ಗುಂಡಿಗಿಂತ ಚಿಕ್ಕದಾದ ಆ ಬಟ್ಟಲು ಕಾಡತೂಸಿನ ಬುಡದಲ್ಲಿ ಕೂತಿರುತ್ತದೆ. ಬಂದೂಕಿನ ಸೂಜಿ ತಗುಲಿದೊಡನೆ ಕಿಡಿ ಹಾರಿಸಿ ಒಳಗಿನ ಮದ್ದಿಗೆ ಬೆಂಕಿ ಮುಟ್ಟಿಸುವುದು ಅದೇ.

“ಕೆಂಪು ಯಾವ್ದು?” ಎಂದು ಕೇಳಿದ ಹಾರ್ಲನ್. ಮಾರ್ವಾಳ ತೀರಿಹೋದ ಅಕ್ಕನ ಗಂಡ ಅವನು. ಬಂದೂಕಿನ ವಿಷಯಕ್ಕೆ ಊರಿಗೆಲ್ಲ ಅವನ ಮಾತೇ ಕೊನೆಯ ಮಾತು.

“ಮ್ಯಾಗ್ನಮ್, ಭಾವ. ನೀವು ಹೇಳಿದ ಖಾರದ್ದು, ಕಿಡಿ ಜೋರು. ಗುಲಾಬಿ ಬೇರೆ ಕಂಪನಿಯದ್ದು. ಬಣ್ಣ ಹಚ್ಚದೇ ಇರೋದು ನಾನು ಹೋದ ವರ್ಷ ಹಾಕಿದ್ದು.”

ಹೋದ ವರ್ಷದ ಕಥೆ ಇಬ್ಬರಿಗೂ ಬಾಯಿಪಾಠವಾಗಿತ್ತು. ಮೊಂಟಾನಾದ ನವೆಂಬರ್ ಚಳಿಯಲ್ಲಿ, ಗುಡ್ಡದ ನೆತ್ತಿಯ ಮೇಲೆ, ಇನ್ನೂರು ಹೆಜ್ಜೆ ದೂರದಲ್ಲಿ ಎಲ್ಕ್ ಸಾರಂಗ ಅಡ್ಡಲಾಗಿ ನಿಂತಿತ್ತು. ಮಾರ್ವಾ ಟ್ರಿಗರ್ ಒತ್ತಿದಾಗ ‘ಟಕ್’ ಎಂದದ್ದಷ್ಟೇ. ಸಾರಂಗ ಕಿವಿ ನಿಮಿರಿಸಿ ಕಾಡಿಗೆ ಹೋಯಿತು. ಒಬ್ಬರಿಗೆ ವರ್ಷಕ್ಕೆ ಬೇಟೆಯ ಪರವಾನಗಿ ಚೀಟಿ ಒಂದೇ, ಪ್ರಾಣಿಯೂ ಒಂದೇ. ಶಾಲೆಯ ಬಸ್ ಓಡಿಸಿ ಒಬ್ಬಳೇ ಬದುಕುವ ಮಾರ್ವಾಳ ಫ್ರೀಜರ್ ಅಂದಿನಿಂದ ಮಾಂಸವಿಲ್ಲದೆ ಬರಿದಾಗಿಯೇ ಇತ್ತು. ಚಳಿಗೆ ನಿನ್ನ ಪ್ರೈಮರ್ ಸಾಲದು, ಸ್ಟಿಯರಿಂಗ್ ಹಿಡಿಯುವ ಕೈಗೆ ಈ ಕೆಲಸ ಬಗ್ಗುವುದಿಲ್ಲ, ನಾನು ತುಂಬಿದ್ದನ್ನೇ ಒಯ್ಯಿ ಎಂದು ಹಾರ್ಲನ್ ವರ್ಷವಿಡೀ ಹಂಗಿಸಿದ್ದ. ಈ ಸಲ ಬೇಟೆಯ ಕಾಲ ಮುಗಿಯಲು ಉಳಿದಿದ್ದದ್ದು ನಾಳೆ, ನಾಡಿದ್ದು, ಎರಡೇ ದಿನ. ಯಾವ ಪ್ರೈಮರ್ ಒಯ್ಯಬೇಕೆಂಬುದನ್ನು ಯಾರ ಮಾತನ್ನೂ ಕೇಳದೆ ತಾನೇ ನೋಡಿ ತಿಳಿಯಬೇಕೆಂದು ಅವಳು ಹಟ ಹಿಡಿದಿದ್ದಳು.

ಹಿತ್ತಿಲಿನ ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಒಂದೊಂದು ಬಣ್ಣದಲ್ಲಿ ನಾಲ್ಕು ನಾಲ್ಕು ಹೊಡೆದಳು. ಹನ್ನೆರಡೂ ತಡವಿಲ್ಲದೆ ಸಿಡಿದವು. ಬಣ್ಣವಿಲ್ಲದವೂ ಅಷ್ಟೇ ಚುರುಕಾಗಿ ಸಿಡಿದದ್ದನ್ನು ಕಂಡು ಹಾರ್ಲನ್ ಗಡ್ಡ ತುರಿಸಿಕೊಂಡ. ನಿನ್ನ ಫ್ರೀಜರಿನ ಚಳಿ ಗುಡ್ಡದ ಚಳಿಯಲ್ಲ ಎಂದ. ಇರಬಹುದು ಎಂದಳು ಮಾರ್ವಾ. ಆದರೆ ಅವಳ ತಲೆಗೆ ಬೇರೆಯೇ ಹುಳು ಹೊಕ್ಕಿತ್ತು. ಒಳಗೆ ಹೋಗಿ ಹೋದ ವರ್ಷ ಸಿಡಿಯದೆ ಉಳಿದಿದ್ದ ಆ ಕಾಡತೂಸನ್ನು ಡ್ರಾಯರಿನಿಂದ ತಂದು ಭೂತಗನ್ನಡಿಯಡಿ ಹಿಡಿದಳು. ಈಗ ಹೊಡೆದವುಗಳ ಪ್ರೈಮರಿನಲ್ಲಿ ಸೂಜಿ ಆಳವಾಗಿ ಗುಳಿ ಬೀಳಿಸಿತ್ತು. ಹಳೆಯದರಲ್ಲಿ ಇದ್ದದ್ದು ಉಗುರಿನಿಂದ ಒತ್ತಿದಷ್ಟು ಗುರುತು.

“ಭಾವ, ಕಾಡತೂಸು ಮಾತ್ರ ತಣ್ಣಗಿತ್ತು. ಬಂದೂಕು ಬೆಚ್ಚಗಿತ್ತಲ್ಲ.”

ಬಂದೂಕನ್ನು ಫ್ರೀಜರಿಗೆ ಹಾಕುತ್ತೇನೆಂದಾಗ ಹಾರ್ಲನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾರಂಗದ ಬದಲು ಬಂದೂಕನ್ನೇ ಬೇಯಿಸಿಕೊಂಡು ತಿನ್ನುತ್ತೀಯಾ ಎಂದ. ಅವಳು ಗುಂಡಿಲ್ಲವೆಂದು ಎರಡೆರಡು ಸಲ ನೋಡಿ ಬಂದೂಕನ್ನು ಮೂಲೆಯಿಂದ ಮೂಲೆಗೆ ಮಲಗಿಸಿ, ಉಳಿದ ಮೂರು ಕಾಡತೂಸುಗಳನ್ನೂ ಜೊತೆಗಿಟ್ಟು ಮುಚ್ಚಿದಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಿಕ್ಕ ಟರ್ಕಿಯನ್ನು ಬ್ರೆಡ್ಡಿನ ನಡುವೆ ಇಟ್ಟು ಇಬ್ಬರೂ ತಿಂದರು, ಕಾಫಿ ಕುಡಿದರು, ಇಸ್ಪೀಟು ಆಡಿದರು. ಮೂರು ಗಂಟೆ ಕಳೆದ ಮೇಲೆ ಹಿತ್ತಿಲಿಗೆ ಹೋಗಿ ಕೆಂಪು ಬಣ್ಣದ್ದನ್ನೇ ತುಂಬಿದಳು. ಸೂಜಿಯನ್ನು ಒಳಗಿಟ್ಟುಕೊಂಡ ಉಕ್ಕಿನ ಸರಳು, ಬಂದೂಕಿನ ಬೋಲ್ಟ್, ಬಿಗಿಯಾಗಿ ಸರಿಯಿತು. ಟ್ರಿಗರ್ ಒತ್ತಿದಳು.

‘ಟಕ್.’

ತಡವಾಗಿ ಸಿಡಿದೀತೆಂದು ನಳಿಗೆಯನ್ನು ದಿಬ್ಬದತ್ತಲೇ ಹಿಡಿದು ಅವಳು ಒಂದರಿಂದ ಅರವತ್ತರವರೆಗೆ ಎಣಿಸಿದಳು. ಹಾರ್ಲನ್ ನಗಲಿಲ್ಲ. ಹೊರತೆಗೆದ ಕಾಡತೂಸಿನ ಕೆಂಪು ಬುಡದಲ್ಲೂ ಅದೇ ಉಗುರಿನ ಗುರುತು ಇತ್ತು. ಖಾರದ ಪ್ರೈಮರೂ ಕೆಲಸಕ್ಕೆ ಬರಲಿಲ್ಲ.

ಮೇಜಿನ ಮೇಲೆ ಬೋಲ್ಟನ್ನು ಬಿಚ್ಚಿ ಒಳಗೆ ಹಲ್ಲುಕಡ್ಡಿ ತೂರಿಸಿದರೆ ಹಳದಿ ಗ್ರೀಸು ಮುದ್ದೆಯಾಗಿ ಅಂಟಿಕೊಂಡು ಬಂತು, ಫ್ರಿಜ್ಜಿನಲ್ಲಿಟ್ಟ ಬೆಣ್ಣೆಯಂತೆ. ಸೂಜಿ ಅದರೊಳಗೆ ಹೂತುಹೋಗಿತ್ತು. ಬೆಚ್ಚಗಿದ್ದಾಗ ಸಲೀಸಾಗಿ ಓಡುತ್ತಿದ್ದದ್ದು ಚಳಿಯಲ್ಲಿ ತೆವಳಿಕೊಂಡು ಬಂದು ಪ್ರೈಮರನ್ನು ಬರೀ ಮುಟ್ಟುತ್ತಿತ್ತು. ಮಾರ್ವಾಳಿಗೆ ಮೊದಲು ಹಗುರವೆನಿಸಿತು. ಆಮೇಲೆ ಸಿಟ್ಟು ಬಂತು. ಪ್ರತಿ ಅಕ್ಟೋಬರಿನಲ್ಲಿ ಬಂದೂಕನ್ನು ಒಯ್ದು, ಬೇಡವೆಂದರೂ ಕೇಳದೆ, ಒಳಗೆಲ್ಲ ಧಾರಾಳವಾಗಿ ಗ್ರೀಸು ಮೆತ್ತಿ ಕೊಡುತ್ತಿದ್ದವನು ಎದುರಿಗೇ ಕೂತಿದ್ದ.

“ವರ್ಷವಿಡೀ ನನ್ನ ಕೈಯನ್ನ ಬೈದ್ರಲ್ಲ, ಭಾವ,” ಎಂದಳು.

ಹಾರ್ಲನ್ ಹಲ್ಲುಕಡ್ಡಿಯ ತುದಿಯ ಹಳದಿ ಮುದ್ದೆಯನ್ನು ಬೆರಳಿಗೆ ತೆಗೆದುಕೊಂಡು ಹಿಸುಕಿ ನೋಡಿದ. ಆಮೇಲೆ ಎದ್ದು ಕೋಟು ಹಾಕಿಕೊಳ್ಳತೊಡಗಿದ. ಎಲ್ಲಿಗೆ ಎಂದು ಅವಳು ಕೇಳಿದಳು. ಅವನು ಕೋಟಿನ ಗುಂಡಿಗಳನ್ನು ಹಾಕಿ ಮುಗಿಸಿದ.

“ಈ ಊರಲ್ಲಿ ಇನ್ನೂ ಹನ್ನೊಂದು ಬಂದೂಕಿಗೆ ನಾನೇ ಗ್ರೀಸ್ ಹಾಕಿದ್ದೀನಿ, ಮಾರ್ವಾ. ಟಕ್ ಅಂತು ಅಂತ ಅವರು ಬಂದು ಹೇಳ್ದಾಗೆಲ್ಲ, ಪ್ರೈಮರ್ ಬದಲಾಯಿಸಿ ಅಂತ ಕಳಿಸಿದವನೂ ನಾನೇ.”