ನೋವಿನ ಪಾಲು

ಗ್ರೀನ್‌ಲ್ಯಾಂಡಿನ ಉತ್ತರ ತುದಿಯ ನಮ್ಮ ಆಸ್ಪತ್ರೆಗೆ ಅರಿವಳಿಕೆ ಮದ್ದು ಬರುವುದು ನಿಂತ ಮೇಲೆ, ರೋಗಿಯ ನೋವನ್ನು ಊರವರೇ ಹಂಚಿಕೊಳ್ಳುತ್ತಾರೆ. ಸೀಲ್ ಎಂಬ ಕಡಲಪ್ರಾಣಿಯ ಬೇಟೆಯಾದಾಗ ಮಾಂಸ ಹಂಚುವ ಕ್ರಮವೇ ಇದಕ್ಕೂ. ಯಾವ ಮನೆಗೆ ಯಾವ ಪಾಲು ಎಂದು ಎಲ್ಲರಿಗೂ ಗೊತ್ತು. ನರ್ಸ್ ಆದ ನಾನು ರೋಗಿಯ ಮೈಯಿಂದ ನೋವು ಹರಿಸುವ ತಂತಿಯನ್ನು ಒಬ್ಬೊಬ್ಬರ ಮಣಿಕಟ್ಟಿಗೂ ಕಟ್ಟುತ್ತೇನೆ, ಅಷ್ಟೆ.

ಇವತ್ತು ಬೇಟೆಗಾರ ಕುನುಕ್‌ನ ಕಾಲು ಕತ್ತರಿಸಬೇಕಿತ್ತು. ಚಳಿಗೆ ಮರಗಟ್ಟಿ ಕೊಳೆತಿತ್ತು. ಆದರೆ ಪಾಲು ಪಡೆಯುವವರು ಕೂರುವ ಬೆಂಚುಗಳೆಲ್ಲ ಖಾಲಿ. ಊರಿಗೆ ಬೇಟೆಯೇ ಸಿಗದ ಕಳೆದ ಚಳಿಗಾಲದಲ್ಲಿ, ತನಗೊಬ್ಬನಿಗೆ ಸಿಕ್ಕ ಸೀಲನ್ನು ಅವನು ಬಚ್ಚಿಟ್ಟು ತಿಂದಿದ್ದ.

ಡಾಕ್ಟರು ಗರಗಸ ತೊಳೆಯುವ ಹೊತ್ತಿಗೆ ಅವನ ಪಕ್ಕದ ಮನೆಯ ಇವಾಲು ಬಂದಳು. ಅದೇ ಚಳಿಗಾಲದಲ್ಲಿ ಅವಳ ಮಗು ಹಸಿವಿನಿಂದ ಸತ್ತಿತ್ತು. ಒಬ್ಬಳಾದರೂ ಬಂದಳಲ್ಲ ಎಂದು ನಾನು ತಂತಿ ಹಿಡಿದು ಓಡಿದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಪಾಲಿಗೆ ಬಂದಿಲ್ಲ ಸಿಸ್ಟರ್. ನೋಡೋಕೆ ಬಂದೆ.”

ನನಗೆ ಸಿಟ್ಟು ಬಂತು. ತಂತಿಯನ್ನು ನನ್ನ ಮಣಿಕಟ್ಟಿಗೇ ಸುತ್ತಿಕೊಳ್ಳತೊಡಗಿದೆ. ಮಲಗಿದ್ದ ಕುನುಕ್ ನನ್ನ ಕೈ ಹಿಡಿದ.

“ಬೇಡ ಸಿಸ್ಟರ್. ಮಾಂಸ ಯಾರಿಗೂ ಕೊಡ್ಲಿಲ್ಲ. ಇದನ್ನ ಯಾವ ಮುಖ ಇಟ್ಕೊಂಡು ಕೊಡ್ಲಿ?”

ಇವಾಲು ಕುರ್ಚಿಯನ್ನು ಅವನ ಮಂಚದ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.