ಟಿವಿಯಲ್ಲಿ ಸುತ್ತುತ್ತಿದ್ದ ಆ ಚಕ್ರ

ಮೈಸೂರಿನ ಹಳೆಯ ಬಡಾವಣೆಯಲ್ಲೊಂದು ವಠಾರ. ಆರು ಮನೆಗಳು, ನಡುವೆ ಒಂದು ಅಂಗಳ, ಎಲ್ಲರಿಗೂ ಸೇರಿ ಒಂದೇ ವೈಫೈ.

ಆ ವೈಫೈ ಡಬ್ಬಿ ಇದ್ದದ್ದು ನಂಜುಂಡಯ್ಯನವರ ಮನೆಯ ಗೋಡೆಯ ಮೇಲೆ. ನಿವೃತ್ತ ಬಸ್ ಕಂಡಕ್ಟರ್. ಕ್ರಿಕೆಟ್ ಎಂದರೆ ಪ್ರಾಣ, ಎದುರು ಮನೆಯ ಚಂದ್ರಿಕಾಳ ಹೊಲಿಗೆ ಯಂತ್ರದ ಸದ್ದೆಂದರೆ ತಲೆನೋವು...

"ಏನಮ್ಮಾ, ನಾನು ಕಾಮೆಂಟರಿ ಕೇಳ್ಬೇಕಾ, ನಿನ್ನ ಮಿಷನ್ ಕೇಳ್ಬೇಕಾ?" ಎಂದು ಕಿಟಕಿಯಿಂದಲೇ ಕೂಗುತ್ತಿದ್ದರು.

"ಎರಡೂ ಕೇಳಿ, ನಾನೇನು ಟಿಕೆಟ್ ಹರೀತೀನಾ?" ಅವಳೂ ಬಿಡುತ್ತಿರಲಿಲ್ಲ.

ಆ ಭಾನುವಾರ ಸಂಜೆ ಮಾತ್ರ ಯಂತ್ರ ಸುಮ್ಮನಿತ್ತು. ಚಂದ್ರಿಕಾಳ ಮಗಳು ಬಿಂದು ಮಹಾರಾಷ್ಟ್ರದಲ್ಲಿ ರಾಷ್ಟ್ರಮಟ್ಟದ ಜೂನಿಯರ್ ಖೊಖೊ ಫೈನಲ್ ಆಡುವವಳಿದ್ದಳು. ಒಂದು ಆ್ಯಪ್‌ನಲ್ಲಿ ಅದರ ನೇರ ಪ್ರಸಾರ.

ಚಂದ್ರಿಕಾ ಮಗಳ ಆಟವನ್ನು ಒಮ್ಮೆಯೂ ಕಂಡವಳಲ್ಲ. ಪಂದ್ಯಗಳು ದೂರದ ಊರುಗಳಲ್ಲಿ. ಇಲ್ಲಿ ನಾಳೆಗೇ ಕೊಡಬೇಕಾದ ಬ್ಲೌಸುಗಳು.

ಮಗಳ ಓಟ ಅವಳಿಗೆ ಗೊತ್ತಿದ್ದದ್ದು ಮೊಣಕಾಲಿನ ಗಾಯಗಳಿಂದ ಮಾತ್ರ...

ಹೊರಡುವ ಮುನ್ನ ಬಿಂದು ಟಿವಿಗೆ ಆ್ಯಪ್ ಹಾಕಿ, ರಿಮೋಟ್ ಕೈಗಿಟ್ಟು ಹೇಳಿದ್ದಳು. "ಅಮ್ಮಾ, ನಿಂತ್ಹೋದ್ರೆ ಗಾಬರಿ ಆಗ್ಬೇಡ. ಆ್ಯಪ್ ಮುಚ್ಚಿ ಮತ್ತೆ ತೆಗಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಟಿವಿ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಾಕು."

ಮನೆಯ ಒಂದೇ ಸ್ಮಾರ್ಟ್‌ಫೋನ್ ಮಗಳ ಜೊತೆ ಹೋಗಿತ್ತು. ಅಮ್ಮನಿಗೆ ಉಳಿದದ್ದು ಈ ಟಿವಿಯೊಂದೇ.

ಪಂದ್ಯ ಶುರುವಾಯಿತು. ಹುಡುಗಿಯರು ಸಾಲಾಗಿ ಮೈದಾನಕ್ಕೆ ಬಂದರು. ಬಿಂದು ಕಾಣಿಸಬೇಕು ಅನ್ನುವಷ್ಟರಲ್ಲಿ...

ಚಿತ್ರ ನಿಂತಿತು. ನಡುವೆ ಒಂದು ಬಿಳಿ ಚಕ್ರ ಸುತ್ತತೊಡಗಿತು.

ಆ್ಯಪ್ ಮುಚ್ಚಿದಳು, ತೆಗೆದಳು. ಚಕ್ರ. ಪ್ಲಗ್ ಕಿತ್ತು ಹಾಕಿದಳು. ಮತ್ತೆ ಅದೇ ಚಕ್ರ...

ಅಂಗಳ ದಾಟಿ ನಂಜುಂಡಯ್ಯನವರ ಬಾಗಿಲಿಗೆ ಹೋದಳು. ಅಂದು ಭಾರತದ ಕ್ರಿಕೆಟ್ ಫೈನಲ್ ಕೂಡ ಇತ್ತು. ಪ್ರತಿ ಮನೆಯಿಂದಲೂ ಕೂಗು, ಶಿಳ್ಳೆ.

"ನಂಜುಂಡಯ್ಯನೋರೇ, ಆ ಡಬ್ಬಿ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ? ನಮ್ಮನೇಲಿ ಬರೀ ಸುತ್ತುತ್ತಾ ಇದೆ."

ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಫೈನಲ್ ಮ್ಯಾಚ್ ಕಣಮ್ಮಾ! ಈಗ ಆಫ್ ಮಾಡಿದ್ರೆ ವಠಾರದೋರೆಲ್ಲ ಸೇರಿ ನನ್ನನ್ನೇ ಆಫ್ ಮಾಡ್ತಾರೆ. ಡಬ್ಬಿ ಸರಿಯಾಗೇ ಇದೆ. ನೋಡು, ಇಲ್ಲಿ ಹೆಂಗ್ ಬರ್ತಿದೆ!"

"ಬಿಂದು ಆಟ ಇತ್ತು... ಒಂದ್ಸಲನೂ ನೋಡಿಲ್ಲ ನಾನು. ಹೋಗ್ಲಿ ಬಿಡಿ."

ಅಷ್ಟು ಹೇಳಿ, ಉತ್ತರಕ್ಕೂ ಕಾಯದೆ ಮನೆಗೆ ಬಂದಳು. ಕೊನೆಯದಾಗಿ ಇನ್ನೊಮ್ಮೆ ಪ್ಲಗ್ ಕಿತ್ತಳು. ಟಿವಿಯ ಪಕ್ಕದ ಗೋಡೆಗೆ ಹಣೆ ಆನಿಸಿ ನಿಂತಳು. ಮತ್ತೆ ಹಾಕಿದಳು.

ಚಕ್ರ ಸುತ್ತಿತು... ಇನ್ನೂ ಸುತ್ತಿತು... ಮಾಯವಾಯಿತು!

ಕನ್ನಡಿಯಷ್ಟು ಸ್ವಚ್ಛವಾದ ಚಿತ್ರ. ಅದರಲ್ಲಿ ಬಿಂದು ಓಡುತ್ತಿದ್ದಳು.

ಸಾಲಾಗಿ ಕೂತ ಎದುರಾಳಿಗಳ ನಡುವೆ ನೂಲು ಪೋಣಿಸಿದಂತೆ ನುಸುಳುತ್ತಿದ್ದಳು. ಕೈ ಇನ್ನೇನು ಬೆನ್ನಿಗೆ ತಾಗಿತು ಅನ್ನುವಾಗ ಸೊಂಟ ತಿರುಗಿಸಿ ಮಾಯ. ಜೊತೆಗಿದ್ದ ಇಬ್ಬರೂ ಔಟಾದರು. ಬಿಂದು ಮಾತ್ರ ಯಾರ ಕೈಗೂ ಸಿಗಲಿಲ್ಲ...

ಚಂದ್ರಿಕಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತೇ ನೋಡಿದಳು. ತಾನು ಅರಿಶಿನ ಹಚ್ಚಿದ ಆ ಕಾಲುಗಳು ಇವೇನಾ?

ನಡುವೆ ಒಮ್ಮೆ ಅನ್ನಿಸಿತು, ಹೊರಗೆ ಒಂದು ಕೂಗೂ ಇಲ್ಲವಲ್ಲ... ಇಂಡಿಯಾ ಸೋಲುತ್ತಿರಬೇಕು ಪಾಪ.

ಪಂದ್ಯ ಮುಗಿಯಿತು. ಕಣ್ಣೊರೆಸಿಕೊಂಡು ಬಾಗಿಲು ತೆರೆದಳು.

ತೆರೆದವಳು ಹಾಗೇ ನಿಂತುಬಿಟ್ಟಳು.

ವಠಾರದವರೆಲ್ಲ ಅಂಗಳದಲ್ಲಿ ಕೂತಿದ್ದರು. ಯಾರ ಕೈಯಲ್ಲೂ ಫೋನ್ ಇಲ್ಲ. ಯಾವ ಮನೆಯಲ್ಲೂ ಟಿವಿ ಹಾಕಿಲ್ಲ. ಎಲ್ಲರ ಕಣ್ಣೂ ಅವಳ ಬಾಗಿಲ ಮೇಲೆ...

"ಏನಿದು? ನಿಮ್ಮನೆಗಳಲ್ಲಿ ಕರೆಂಟ್ ಹೋಯ್ತಾ?"

ಪಕ್ಕದ ಮನೆಯ ಲೀಲಮ್ಮ ನಕ್ಕರು. "ಕರೆಂಟಲ್ಲ ಕಣೇ. ಒಂದು ವೈಫೈಗೆ ನಾವೆಲ್ಲ ಮ್ಯಾಚ್ ಹಾಕ್ಕೊಂಡು, ನಿನ್ನ ಪಾಲಿಗೆ ಏನೂ ಉಳಿಸಿರ್ಲಿಲ್ಲ. ನೀನು ಅತ್ಲಾಗ್ ಹೋದ್ಯೋ ಇಲ್ವೋ, ಈ ಕಂಡಕ್ಟರ್ರು ತಮ್ಮ ಟಿವಿ ಆರಿಸಿ ಮನೆಮನೆಗೂ ಬಂದ್ರು. 'ಎಲ್ರೂ ಇಳೀರಿ, ಇಳೀರಿ... ಒಬ್ಬಳು ಹತ್ಬೇಕು!' ಅಂತ."

ಚಂದ್ರಿಕಾ ನಂಜುಂಡಯ್ಯನವರ ಕಡೆ ತಿರುಗಿದಳು. "ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ." ಅವರು ಎಲ್ಲೋ ನೋಡುತ್ತಾ ಹೇಳಿದರು.

"ಮತ್ತೆ ನಿಮ್ಮ ಫೈನಲ್ಲು...?"

"ಅದು ಬೆಳಿಗ್ಗೆ ಪೇಪರ್‌ನಲ್ಲಿ ಬರುತ್ತೆ. ನಿನ್ನ ಮಗಳು ಹೆಂಗೆ ಓಡಿದ್ಲು ಅಂತ ಯಾವ ಪೇಪರ್‌ನಲ್ಲಿ ಬರುತ್ತಮ್ಮಾ? ಅದಿರ್ಲಿ... ಗೆದ್ಲಾ?"

ಚಂದ್ರಿಕಾ ಇಲ್ಲವೆಂದು ತಲೆಯಾಡಿಸಿದಳು. "ಸೋತ್ರು... ಒಂದೇ ಪಾಯಿಂಟ್‌ನಲ್ಲಿ."

"ಅಯ್ಯೋ!" ಎಂದರು ಲೀಲಮ್ಮ.

"ಆದ್ರೆ ನನ್ ಬಿಂದು ಔಟ್ ಆಗ್ಲಿಲ್ಲ. ಯಾರ ಕೈಗೂ ಸಿಗ್ಲಿಲ್ಲ ನನ್ ಮಗಳು! ನಾನು ನೋಡ್ದೆ... ಕಣ್ಣಾರೆ ನೋಡ್ದೆ!"

"ಹಾಗಾದ್ರೆ ರೈಟ್... ರೈಟ್!" ಎಂದರು ನಂಜುಂಡಯ್ಯ. ಸಾವಿರಾರು ಪ್ರಯಾಣಿಕರಿಗೆ ಕೇಳಿಸಿದ್ದ ಆ ಗಟ್ಟಿ ದನಿ ಅಂದು ನಡುಗಿತು.

ಕ್ರಿಕೆಟ್ ಇನ್ನೂ ಮುಗಿದಿರಲಿಲ್ಲ. ಆದರೂ ಟಿವಿ ಹಾಕಲು ಒಬ್ಬರೂ ಏಳಲಿಲ್ಲ.

ಲೀಲಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಬಾ, ಕೂತ್ಕೋ. ಹೆಂಗೆ ಓಡಿದ್ಲು, ಮೊದಲಿಂದ ಹೇಳು..."

✦

ನಮ್ಮ ಮನೆಯ ಪರದೆ ಬೆಳಗಿದ ಹೊತ್ತಿನಲ್ಲಿ, ಯಾರೋ ತಮ್ಮದನ್ನು ಆರಿಸಿ ಸುಮ್ಮನೆ ಕೂತಿರುತ್ತಾರೆ.

ನಿಮಗಾಗಿ ಹಾಗೆ ಕೂತವರು ಯಾರು... ನೀವು ಬಾಗಿಲು ತೆರೆದು ಒಮ್ಮೆಯಾದರೂ ನೋಡಿದ್ದೀರಾ?