ಮೂಡುಕೋಣೆಯ ಮದುಮಗಳು

ಭಾನುವಾರದ ನಾಲ್ಕು ಕೋಣೆಗಳ ಬುಕಿಂಗನ್ನೂ ತನ್ನನ್ನು ಒಂದು ಮಾತು ಕೇಳದೆ ಅಮ್ಮ ರದ್ದುಪಡಿಸಿದ್ದಾರೆಂದು ತಿಳಿದಾಗ ಚೈತಾಲಿ ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

“ಮಣಿಪಾಲದ ಡಾಕ್ಟರ್ ಬೆಂಜಮಿನ್ ಮನೆಯವರು ಬರುವವರಿದ್ದರು ಅಮ್ಮ. ಅವರಿಗೆ ಎಂತ ಹೇಳಲಿ?”

“ಮನೆಯಲ್ಲಿ ಮದುವೆ ಉಂಟು ಅಂತ ಹೇಳು,” ಎಂದರು ಸ್ವರ್ಣಲತಾ, ಮಲ್ಲಿಗೆಯ ಚೆಂಡಿನಿಂದ ಕಣ್ಣೆತ್ತದೆ.

ಮದುವೆ ಮೋಕ್ಷಾಳದು. ಎರಡು ವರ್ಷಕ್ಕೆ ಕಿರಿಯಳಾದ ತಂಗಿಯದು. ಮೂವತ್ತೈದು ತುಂಬಿದ ಅಕ್ಕ ಮನೆಯಲ್ಲೇ ಇರುವಾಗ!

ಹಿರಿಯಡ್ಕದ ಈ ನೂರಹತ್ತು ವರ್ಷದ ಮನೆಯನ್ನು ಹೋಮ್‌ಸ್ಟೇ ಮಾಡಿ ಉಳಿಸಿದವಳು ಚೈತಾಲಿ. ಗೆದ್ದಲು ಹಿಡಿದ ತೊಲೆಗಳನ್ನು ಬದಲಿಸಿದವಳು ಅವಳು. ಅಜ್ಜಿಯ ತಾಯಿ ಕಾರ್ಕಳದಿಂದ ಎತ್ತಿನ ಗಾಡಿಯಲ್ಲಿ ಕಂಬಗಳನ್ನು ತರಿಸಿದ ಕಥೆಯನ್ನು ಅತಿಥಿಗಳಿಗೆ ಸೊಗಸಾಗಿ ಹೇಳುವವಳೂ ಅವಳೇ. ಮೋಕ್ಷಾ ಒಂದು ದಿನವಾದರೂ ಪೊರಕೆ ಮುಟ್ಟಿದವಳಲ್ಲ. ಆದರೂ ಗಾಳಿಬೆಳಕಿನ ಮೂಡುಕೋಣೆ ಅವಳದು. ಅದನ್ನು ಅತಿಥಿಗಳಿಗೆ ಕೊಡಲು ಅಮ್ಮ ಸುತರಾಂ ಒಪ್ಪಲಿಲ್ಲ. ಮನೆಯ ಇತಿಹಾಸ ಹೇಳುವಾಗಲೂ ಅಮ್ಮ ನಡುವೆ ಬಾಯಿ ಹಾಕುವರು: “ನಮ್ಮ ಮೋಕ್ಷಾ ಹುಟ್ಟಿದ್ದು ಇದೇ ಕೋಣೆಯಲ್ಲಿ.” ಚೈತಾಲಿ ಹುಟ್ಟಿದ್ದು ಎಲ್ಲಿ ಎಂಬುದನ್ನು ಅವರು ಯಾರಿಗೂ ಹೇಳಿದ್ದಿಲ್ಲ.

ಪೆರ್ಡೂರಿನ ಸಂಬಂಧ ತಂದವರು ಸುಂದರ ಮಾವ, ಅಮ್ಮನ ಅಣ್ಣ. “ಒಳ್ಳೆಯ ಮನೆತನ. ವಯಸ್ಸೂ ಸರಿಹೊಂದುತ್ತದೆ. ಅವರು ಒಂದು ಕೊಂಕು ತೆಗೆಯಲಿಲ್ಲ ಮಾರಾಯ್ತಿ!”

ತನ್ನನ್ನು ನೋಡಲು ಬಂದ ಹನ್ನೊಂದು ಮಂದಿ ಚೈತಾಲಿಗೆ ನೆನಪಾದರು. ಒಬ್ಬನಿಗೆ ಎತ್ತರ ಸಾಲದು; ಇನ್ನೊಬ್ಬನಿಗೆ ಹೋಮ್‌ಸ್ಟೇ ನಡೆಸುವ ಹೆಣ್ಣು ಬೇಡ. ಎಲ್ಲರೂ ತಿಂಡಿ ಮಾತ್ರ ತಿಂದು ಹೋದವರು.

“ಹಾಗಾದರೆ ನನ್ನದು?” ಚೈತಾಲಿ ಕೇಳಿದಳು.

“ಅವಳದ್ದು ಮೊದಲು ಮುಗಿಯಲಿ ಮಗಾ,” ಎಂದರು ಮಾವ. “ಆಮೇಲೆ ನಿನ್ನದು.”

ಭಾನುವಾರ ದಿಬ್ಬಣ ಬಂತು. ಚೈತಾಲಿ ಹಲ್ಲು ಕಚ್ಚಿಕೊಂಡು ಬಂದವರಿಗೆಲ್ಲ ಬೆಲ್ಲ-ನೀರು ಕೊಟ್ಟಳು. ಹುಡುಗನ ತಾಯಿ ಅಮ್ಮನನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡರು. ಅಮ್ಮನೂ ಅತ್ತರು. ತನಗಾಗಿ ಅಮ್ಮ ಹೀಗೆ ಎಂದಾದರೂ ಅತ್ತದ್ದುಂಟೇ?

ಅಡುಗೆಗೆ ಹೊಸದಾಗಿ ಸೇರಿದ ಕೊಪ್ಪಳದ ಹುಲಿಗೆವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅವಳ ಬಳಿ ಬಂದಳು.

“ಅಕ್ಕಾರ, ನಾ ಬಂದು ತಿಂಗಳಾತು, ನಿಮ್ಮ ತಂಗೀನ ಒಮ್ಮೆನೂ ನೋಡಿಲ್ಲ. ಮದುಮಗಳು ಎಲ್ಲಿ ಅದಾರ್ರೀ?”

ಚೈತಾಲಿ ಚಾವಡಿಯತ್ತ ಗದ್ದ ಎತ್ತಿ ತೋರಿಸಿದಳು. ಅಲ್ಲಿ ಎರಡು ಮಣೆಗಳು. ಒಂದರ ಮೇಲೆ ಮಡಿಸಿಟ್ಟ ಧೋತಿ, ಇನ್ನೊಂದರ ಮೇಲೆ ಮಡಿಸಿಟ್ಟ ಸೀರೆ. ಕುಳಿತವರು ಯಾರೂ ಇರಲಿಲ್ಲ.

“ಮೂರು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡಳು ಹುಲಿಗೆವ್ವ, ಹುಡುಗನೂ ತೊಟ್ಟಿಲಲ್ಲೇ ಹೋದವನು. ಸತ್ತವರ ಮದುವೆ ಮುಗಿಯದೆ ಬದುಕಿದ್ದವರದ್ದು ಕೂಡಿ ಬರುವುದಿಲ್ಲವಂತೆ.”